ತೆನೆಯಲ್ಲಿನ ಕಾಳು, ಪ್ಯಾಕೆಟ್ಟಿನ ಪುಡಿ: ಯಾವ ಮೆಕ್ಕೆಜೋಳಕ್ಕೆ ಹೆದರಬೇಕು?

ಪ್ರಶ್ನೆ: ಕೆಲವು ದಿನಗಳಿಂದ ಪ್ಯಾಕೆಟ್‌ಗಳ ಹಿಂದಿನ ಸಣ್ಣ ಅಕ್ಷರಗಳನ್ನು ಓದಲು ಶುರು ಮಾಡಿದ್ದೇನೆ. ಸೂಪ್ ಪುಡಿ, ಸಾಸ್, ಬಿಸ್ಕತ್ತು, ಹಾಲಿಗೆ ಬೆರೆಸುವ ಪುಡಿ, ಯಾವುದನ್ನು ತಿರುಗಿಸಿ ನೋಡಿದರೂ ಕಾರ್ನ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್, ಡೆಕ್ಸ್‌ಟ್ರೋಸ್, ಮಾರ್ಪಡಿಸಿದ ಪಿಷ್ಟ. ಇವೆಲ್ಲ ಮೆಕ್ಕೆಜೋಳದಿಂದಲೇ ಬರುತ್ತವಂತೆ. ಮೆಕ್ಕೆಜೋಳವೇ ಕೆಟ್ಟದ್ದು, ಜನ ದಪ್ಪ ಆಗುತ್ತಿರುವುದಕ್ಕೆ ಅದೇ ಕಾರಣ ಅಂತ ನನ್ನ ತಂಗಿ ಹೇಳುತ್ತಾಳೆ. ಮಗಳಿಗೆ ಸುಟ್ಟ ತೆನೆ, ಪಾಪ್‌ಕಾರ್ನ್ ಅಂದರೆ ಪ್ರಾಣ. ನಿಲ್ಲಿಸಬೇಕೇ? ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಸಕ್ಕರೆಗಿಂತ ಅಪಾಯವೇ? ಇನ್ನೊಂದು ಮಾತು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಶುರುವಾಗುವ ಅಂಚಿನಲ್ಲಿದೆ ಅಂತ ಡಾಕ್ಟರು ಹೇಳಿದ್ದಾರೆ. ಅವರು ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದಿರುವ ಪೌಷ್ಟಿಕ ಪುಡಿಯನ್ನು ದಿನಾ ಕುಡಿಯುತ್ತಾರೆ. ಅದರಲ್ಲೂ ಮಾಲ್ಟೋಡೆಕ್ಸ್‌ಟ್ರಿನ್ ಇದೆ.

ಉತ್ತರ: ಮಗಳಿಗೆ ಸುಟ್ಟ ತೆನೆ ಖಂಡಿತ ಕೊಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಹೆದರಿದವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಕಾಳನ್ನು ಬಿಡುತ್ತಾರೆ, ಕಾಣದ ಪುಡಿಯನ್ನು ಮಾತ್ರ ತಿನ್ನುತ್ತಲೇ ಇರುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಯಜಮಾನರ ಆ ಪುಡಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾಳಿನಿಂದ ಶುರು ಮಾಡೋಣ, ಯಾಕೆಂದರೆ ಕಾಳು ಅರ್ಥವಾದರೆ ಪುಡಿ ತಾನಾಗಿಯೇ ಅರ್ಥವಾಗುತ್ತದೆ.

ಒಣಗಿದ ಮೆಕ್ಕೆಜೋಳದ ಕಾಳನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗೆ ಗಟ್ಟಿ ಸಿಪ್ಪೆ, ಅದು ನಾರು. ಬುಡದ ಕಡೆ ಮೊಳಕೆಯ ಭಾಗ. ಕಾಳಿನ ಎಣ್ಣೆಯಲ್ಲಿ ಬಹುಪಾಲು ಅಲ್ಲೇ ಇರುತ್ತದೆ. ಉಳಿದ ದೊಡ್ಡ ಭಾಗವೆಲ್ಲ ಮುಖ್ಯವಾಗಿ ಪಿಷ್ಟ. ನೀರಿನ ಅಂಶ ಬಿಟ್ಟು ತೂಕ ಹಾಕಿದರೆ 100ಕ್ಕೆ ಸುಮಾರು 70 ಪಾಲು ಪಿಷ್ಟ, 10ರ ಆಸುಪಾಸು ಪ್ರೋಟೀನು, 4ರಿಂದ 5 ಪಾಲು ಎಣ್ಣೆ. ಹಳದಿ ಕಾಳಿನ ಬಣ್ಣ ಸುಮ್ಮನೆ ಬಣ್ಣವಲ್ಲ. ಲ್ಯೂಟಿನ್, ಜಿಯಾಜ್ಯಾಂಥಿನ್ ಎಂಬ ಎರಡು ವಸ್ತುಗಳು ಅದರಲ್ಲಿವೆ, ಮತ್ತು ಇವೇ ಎರಡು ನಮ್ಮ ಕಣ್ಣಿನ ಪರದೆಯ ನಡುಭಾಗದಲ್ಲೂ ಇವೆ. ಜಿಯಾಜ್ಯಾಂಥಿನ್ ಎಂಬ ಹೆಸರು ಬಂದದ್ದೇ ಮೆಕ್ಕೆಜೋಳದ ಶಾಸ್ತ್ರೀಯ ಹೆಸರಾದ ಜಿಯಾ ಮೇಸ್‌ನಿಂದ.

ಈ ಕಾಳಿಗೆ ಎರಡು ಕೊರತೆಗಳಿವೆ. ಇದರ ಪ್ರೋಟೀನಿನಲ್ಲಿ ಲೈಸಿನ್ ಮತ್ತು ಟ್ರಿಪ್ಟೊಫ್ಯಾನ್ ಎಂಬ ಎರಡು ಅಮೈನೋ ಆಮ್ಲಗಳು, ಅಂದರೆ ಪ್ರೋಟೀನನ್ನು ಕಟ್ಟುವ ತುಣುಕುಗಳು, ಕಡಿಮೆ. ನಿಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಕಾಳಿನಲ್ಲಿ ಇದ್ದರೂ ಅದರ ಬಹುಭಾಗ ಬೇರೆ ವಸ್ತುಗಳಿಗೆ ಅಂಟಿಕೊಂಡಿರುತ್ತದೆ. ಹಾಗೇ ತಿಂದರೆ ನಮ್ಮ ಕರುಳಿಗೆ ಅದು ಸಿಗುವುದಿಲ್ಲ. ಕೇಳಲು ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? ಈ ಸಣ್ಣ ವಿಷಯ ಲಕ್ಷಾಂತರ ಜನರ ಪ್ರಾಣ ತೆಗೆದಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಸಂಸ್ಕರಿಸಿದ್ದೆಲ್ಲ ಕೆಟ್ಟದ್ದು’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಮೆಕ್ಕೆಜೋಳ ಹುಟ್ಟಿದ್ದು ಈಗಿನ ಮೆಕ್ಸಿಕೋದ ದಕ್ಷಿಣ ಭಾಗದಲ್ಲಿ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಆರಿಸುತ್ತಾ, ಬಿತ್ತುತ್ತಾ ಈ ಬೆಳೆಯನ್ನು ಮಾಡಿಕೊಂಡರು. ಅವರೇ ಇನ್ನೊಂದು ವಿದ್ಯೆಯನ್ನೂ ಕಂಡುಕೊಂಡರು. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಗ್ಗೆ ತೊಳೆದು ರುಬ್ಬುವುದು. ಇದಕ್ಕೆ ನಿಶ್ತಮಾಲ್ ಎನ್ನುತ್ತಾರೆ. ಸುಣ್ಣ ಸಿಪ್ಪೆಯನ್ನು ಸಡಿಲ ಮಾಡುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಕ್ಯಾಲ್ಸಿಯಂ ಸೇರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂಟಿಕೊಂಡಿದ್ದ ನಿಯಾಸಿನ್ ಅನ್ನು ಬಿಡಿಸಿಕೊಡುತ್ತದೆ. ರಸಾಯನಶಾಸ್ತ್ರ ಎಂಬ ಪದವೇ ಇಲ್ಲದ ಕಾಲದಲ್ಲಿ, 3,000 ವರ್ಷಕ್ಕೂ ಹಿಂದೆ, ಅಡುಗೆ ಮಾಡುವವರು ಇದನ್ನು ಸಾಧಿಸಿದ್ದರು. ಜೊತೆಗೆ ಬೀನ್ಸ್, ಕುಂಬಳ ತಿನ್ನುತ್ತಿದ್ದರು. ಬೀನ್ಸ್‌ನಲ್ಲಿ ಲೈಸಿನ್ ಚೆನ್ನಾಗಿದೆ, ಹಾಗಾಗಿ ಆ ಕೊರತೆಯೂ ತುಂಬಿಕೊಳ್ಳುತ್ತಿತ್ತು.

1492ರ ನಂತರ ಕಾಳು ಯುರೋಪಿಗೆ ಬಂತು. ವಿದ್ಯೆ ಬರಲಿಲ್ಲ. ಬಡವರು ಮೂರು ಹೊತ್ತೂ ಮೆಕ್ಕೆಜೋಳದ ಗಂಜಿಯನ್ನೇ ತಿನ್ನತೊಡಗಿದ ಕಡೆಯಲ್ಲೆಲ್ಲ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಬಿಸಿಲು ಬಿದ್ದ ಚರ್ಮ ಒರಟಾಗಿ ಸುಲಿಯುವುದು, ಭೇದಿ, ಬುದ್ಧಿ ಕಲಕುವುದು, ಕೊನೆಗೆ ಸಾವು. ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ ಇದನ್ನು 1735ರಲ್ಲಿ ಗುರುತಿಸಿದರು. ಇಟಲಿಯಲ್ಲಿ 1771ರಲ್ಲಿ ಇದಕ್ಕೆ ಪೆಲಾಗ್ರ ಎಂಬ ಹೆಸರು ದಾಖಲಾಯಿತು, ಅಂದರೆ ಒರಟು ಚರ್ಮ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 20ನೇ ಶತಮಾನದ ಆರಂಭದಲ್ಲಿ ಅದು ಊರೂರಿಗೆ ಹಬ್ಬಿತು. ಆಗಷ್ಟೇ ಮೊಳಕೆಯ ಭಾಗವನ್ನು ತೆಗೆದು ಹಾಕುವ ಗಿರಣಿಗಳು ಬಂದಿದ್ದವು. ಎಣ್ಣೆಯ ಅಂಶ ಹೋದರೆ ಹಿಟ್ಟು ಕಮಟುವುದಿಲ್ಲ, ರೈಲಿನಲ್ಲಿ ದೂರಕ್ಕೆ ಕಳಿಸಬಹುದು. ಆದರೆ ಮೊಳಕೆಯ ಜೊತೆಗೆ ಒಳ್ಳೆಯ ಪ್ರೋಟೀನು, ವಿಟಮಿನ್‌ಗಳೂ ಹೋದವು. 1906ರಿಂದ 1940ರ ನಡುವೆ ಅಲ್ಲಿ ಸುಮಾರು 30 ಲಕ್ಷ ಜನರಿಗೆ ಈ ಕಾಯಿಲೆ ಬಂತು, ಸುಮಾರು ಒಂದು ಲಕ್ಷ ಜನ ಸತ್ತರು.

ಬಹಳಷ್ಟು ಜನ ಇದು ಸೋಂಕು ಅಂದುಕೊಂಡಿದ್ದರು. 1914ರಲ್ಲಿ ಅಮೆರಿಕ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ತನಿಖೆಗೆ ಕಳಿಸಿತು. ಅನಾಥಾಲಯಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ ಒಳಗಿದ್ದವರಿಗೆ ಕಾಯಿಲೆ ಬರುತ್ತಿತ್ತು, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಸೋಂಕಾದರೆ ಹಾಗೆ ಆರಿಸಿಕೊಂಡು ಬರುತ್ತದೆಯೇ? ಊಟದಲ್ಲಿ ವ್ಯತ್ಯಾಸ ಇದೆ ಎಂದು ಅವರು ಹಿಡಿದರು. ಹಾಲು, ಮಾಂಸ, ಮೊಟ್ಟೆ, ಬೀನ್ಸ್ ಕೊಟ್ಟ ಕಡೆ ಕಾಯಿಲೆ ಹೋಯಿತು. ಆದರೂ ಜನ ನಂಬಲಿಲ್ಲ. 1916ರಲ್ಲಿ ಅವರು ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅವರ ಹೆಂಡತಿಯೂ ಚುಚ್ಚಿಸಿಕೊಂಡರು. ಯಾರಿಗೂ ಪೆಲಾಗ್ರ ಬರಲಿಲ್ಲ. ಕೊರತೆ ಇದ್ದದ್ದು ನಿಯಾಸಿನ್‌ನದ್ದು ಎಂಬುದಕ್ಕೆ ದಾರಿ ತೆರೆದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಜೆಮ್ ಅವರ ಕೆಲಸದಿಂದ. ಅಷ್ಟರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡು 8 ವರ್ಷ ಆಗಿತ್ತು. ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ಗಂಟಲು ಕಟ್ಟುತ್ತದೆ.

ನೋಡಿ, ಇಲ್ಲಿ ಎರಡು ಥರದ ಸಂಸ್ಕರಣೆ ಇದೆ. ಸುಣ್ಣದ ನೀರಲ್ಲಿ ಬೇಯಿಸಿದ್ದು ತಿನ್ನುವವರ ಹೊಟ್ಟೆಗಾಗಿ. ಮೊಳಕೆ ತೆಗೆದದ್ದು ಹಿಟ್ಟು ಗೋದಾಮಿನಲ್ಲಿ ಬಾಳಲಿ ಅಂತ. ಎರಡೂ ಕಾಳನ್ನು ಬದಲಾಯಿಸಿದವು. ಒಂದು ಕಾಪಾಡಿತು, ಇನ್ನೊಂದು ಕಾಯಿಲೆಗೆ ಒತ್ತಾಸೆಯಾಯಿತು. ಪ್ಯಾಕೆಟ್ ಹಿಂದೆ ಯಾವ ಹೆಸರು ಕಂಡರೂ ನಾನು ಕೇಳಿಕೊಳ್ಳುವುದು ಇದನ್ನೇ: ಈ ಕೆಲಸ ಯಾರಿಗಾಗಿ ಮಾಡಿದ್ದು? ತಿನ್ನುವವರಿಗಾಗಿಯೇ, ಮಾರುವವರಿಗಾಗಿಯೇ?

ಈಗ ಕಾರ್ಖಾನೆಗೆ ಹೋಗೋಣ. ಪಿಷ್ಟ ತೆಗೆಯುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಹೊಡೆಯುವುದು ಹುಳಿ ವಾಸನೆ. ಕಾಳನ್ನು ದೊಡ್ಡ ತೊಟ್ಟಿಗಳಲ್ಲಿ ಸುಮಾರು 50 ಡಿಗ್ರಿ ಬಿಸಿನೀರಿನಲ್ಲಿ ಒಂದೂವರೆ ದಿನದ ಆಸುಪಾಸು ನೆನೆ ಹಾಕಿರುತ್ತಾರೆ. ನೀರಿಗೆ ಒಂದಿಷ್ಟು ಗಂಧಕದ ಡೈಆಕ್ಸೈಡ್ ಸೇರಿಸಿರುತ್ತಾರೆ. ಪಿಷ್ಟದ ಕಣಗಳನ್ನು ಹಿಡಿದಿಟ್ಟ ಪ್ರೋಟೀನಿನ ಬಲೆ ಅದರಿಂದ ಸಡಿಲವಾಗುತ್ತದೆ. ಆಮೇಲೆ ಒರಟಾಗಿ ಅರೆಯುತ್ತಾರೆ. ಎಣ್ಣೆ ತುಂಬಿದ ಮೊಳಕೆ ಹಗುರ, ಅದು ಬೇರೆಯಾಗುತ್ತದೆ. ಮತ್ತೆ ನುಣ್ಣಗೆ ಅರೆದು ಜರಡಿ ಹಿಡಿದರೆ ನಾರು ಬೇರೆ. ಉಳಿದ ಹಾಲನ್ನು ಜೋರಾಗಿ ತಿರುಗಿಸಿದರೆ ಪ್ರೋಟೀನು ಒಂದು ಕಡೆ, ಪಿಷ್ಟ ಒಂದು ಕಡೆ. 100 ಕೆ.ಜಿ. ಕಾಳಿನಿಂದ ಸುಮಾರು 56 ಕೆ.ಜಿ. ಪಿಷ್ಟ ಬರುತ್ತದೆ, ಎಣ್ಣೆ 3 ಕೆ.ಜಿ.ಗೂ ಕಡಿಮೆ. ನಾರು ಮತ್ತು ಪ್ರೋಟೀನು ಹೆಚ್ಚಾಗಿ ದನ, ಕೋಳಿಗಳ ಮೇವಿಗೆ ಹೋಗುತ್ತವೆ. ನೆನೆಸಿದ ನೀರೂ ವ್ಯರ್ಥವಾಗುವುದಿಲ್ಲ. 1941ರಲ್ಲಿ ಅಮೆರಿಕದ ಪಿಯೋರಿಯಾ ಎಂಬಲ್ಲಿನ ಸರ್ಕಾರಿ ಪ್ರಯೋಗಾಲಯದಲ್ಲಿ ಇದೇ ನೀರನ್ನು ಪೆನಿಸಿಲಿನ್ ಬೂಷ್ಟಿಗೆ ಆಹಾರವಾಗಿ ಹಾಕಿದಾಗ ಔಷಧದ ಇಳುವರಿ ಎಷ್ಟೋ ಪಟ್ಟು ಏರಿತು. ಯುದ್ಧದ ಗಾಯಾಳುಗಳಿಗೆ ಸಾಕಾಗುವಷ್ಟು ಪೆನಿಸಿಲಿನ್ ಸಿಕ್ಕಿದ್ದರಲ್ಲಿ ಮೆಕ್ಕೆಜೋಳದ ಪಾಲೂ ಇದೆ.

ಲೆಕ್ಕ ಗಮನಿಸಿ. ಕಾಳಿನಲ್ಲಿ ಹೊಟ್ಟೆ ತುಂಬಿಸುವ, ಜೀರ್ಣವನ್ನು ನಿಧಾನ ಮಾಡುವ ನಾರು, ಪ್ರೋಟೀನು ಪ್ರಾಣಿಗಳಿಗೆ ಹೋದವು. ನಮ್ಮ ಪಾಲಿಗೆ ಬಂದದ್ದು ಬಿಳೀ ಪಿಷ್ಟ. ನೀವು ಓದಿದ ಹೆಸರುಗಳಲ್ಲಿ ಬಹುತೇಕ ಎಲ್ಲವೂ ಈ ಬಿಳೀ ಪುಡಿಯ ಮಕ್ಕಳು, ಮೊಮ್ಮಕ್ಕಳು. (ಪಿಷ್ಟ ಗೋಧಿ, ಮರಗೆಣಸು, ಆಲೂಗಡ್ಡೆಯಿಂದಲೂ ಬರಬಹುದು. ಆದರೆ ಜಗತ್ತಿನಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಮೆಕ್ಕೆಜೋಳದ್ದೇ.)

ಇಲ್ಲಿ ಒಂದು ಗೊಂದಲ ತಿಳಿ ಮಾಡಬೇಕು. ‘ಕಾರ್ನ್‌ಫ್ಲೋರ್’ ಎಂದು ನಾವು ಸೂಪಿಗೆ ಹಾಕುವ ಬಿಳೀ ಪುಡಿ ಮೆಕ್ಕೆಜೋಳದ ಹಿಟ್ಟಲ್ಲ. ಅದು ಬರೀ ಪಿಷ್ಟ. 100 ಗ್ರಾಂನಲ್ಲಿ 91 ಗ್ರಾಂ ಪಿಷ್ಟ, ಪ್ರೋಟೀನು ಅರ್ಧ ಗ್ರಾಂ ಕೂಡ ಇಲ್ಲ. ಇಡೀ ಕಾಳು ಬೀಸಿದ ಹಳದಿ ಹಿಟ್ಟಿನಲ್ಲಾದರೆ 100 ಗ್ರಾಂಗೆ ಸುಮಾರು 7 ಗ್ರಾಂ ಪ್ರೋಟೀನು, 7 ಗ್ರಾಂ ನಾರು ಇರುತ್ತದೆ. ಹೆಸರು ಹತ್ತಿರ, ವಸ್ತು ದೂರ. ಸೂಪಿಗೆ ಒಂದು ಚಮಚ ಹಾಕಿದರೆ ತೊಂದರೆಯಿಲ್ಲ. ಅದನ್ನೇ ಹಿಟ್ಟು ಅಂದುಕೊಂಡು ಬಳಸಬೇಡಿ ಅಷ್ಟೇ.

‘ಮಾರ್ಪಡಿಸಿದ ಪಿಷ್ಟ’ ಎಂಬ ಹೆಸರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ನಾನು ಅದಕ್ಕೆ ಅಷ್ಟು ಹೆದರುವುದಿಲ್ಲ. ಸಾದಾ ಪಿಷ್ಟ ಹಾಕಿದ ಸಾಸನ್ನು ಹುಳಿಯಲ್ಲಿ ಜಾಸ್ತಿ ಹೊತ್ತು ಕುದಿಸಿದರೆ ತೆಳುವಾಗುತ್ತದೆ, ಫ್ರೀಜರಿನಲ್ಲಿಟ್ಟು ತೆಗೆದರೆ ನೀರು ಬಿಡುತ್ತದೆ. ಅದಕ್ಕೆ ಪಿಷ್ಟದ ಎಳೆಗಳ ನಡುವೆ ಅಲ್ಲಲ್ಲಿ ಒಂದು ಹೊಲಿಗೆ ಹಾಕುತ್ತಾರೆ. ಬಳಸುವ ಪ್ರಮಾಣವೂ ಸಾಮಾನ್ಯವಾಗಿ ಕಡಿಮೆ. ಜೀನ್ ಬದಲಾಯಿಸುವುದಕ್ಕೂ ಈ ‘ಮಾರ್ಪಾಡಿ’ಗೂ ಸಂಬಂಧ ಇಲ್ಲ, ಎಷ್ಟೋ ಜನ ಹಾಗೆ ತಪ್ಪು ತಿಳಿದಿದ್ದಾರೆ.

ಪಿಷ್ಟದ ಬಗ್ಗೆ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತುಂಬಾ ಹತ್ತಿರ. ಹುಟ್ಟಿನಿಂದಲೇ ಬರುವ ಒಂದು ಅಪರೂಪದ ಕಾಯಿಲೆಯಲ್ಲಿ ಲಿವರಿಗೆ ತಾನು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡಲು ಆಗುವುದಿಲ್ಲ. ಮಗು ಕೆಲವು ಗಂಟೆ ಉಪವಾಸ ಮಲಗಿದರೂ ರಕ್ತದ ಸಕ್ಕರೆ ಕುಸಿಯುತ್ತದೆ. 1984ರಲ್ಲಿ ವೈದ್ಯರು ಇದಕ್ಕೆ ಒಂದು ಉಪಾಯ ಪ್ರಕಟಿಸಿದರು: ಬೇಯಿಸದ ಕಾರ್ನ್‌ಸ್ಟಾರ್ಚ್ ಅನ್ನು ತಣ್ಣೀರಿನಲ್ಲಿ ಕಲಸಿ ಕುಡಿಸುವುದು. ಹಸಿ ಪಿಷ್ಟದ ಕಣ ಬಿಗಿಯಾಗಿರುತ್ತದೆ, ಗಂಟೆಗಟ್ಟಲೆ ನಿಧಾನವಾಗಿ ಕರಗುತ್ತದೆ, ಸಕ್ಕರೆ ತೊಟ್ಟಿಕ್ಕುತ್ತಾ ಬರುತ್ತದೆ. ಇಂದಿಗೂ ಆ ಮಕ್ಕಳು ಇದರ ಮೇಲೆಯೇ ರಾತ್ರಿ ಕಳೆಯುತ್ತಾರೆ. ಅದೇ ಪಿಷ್ಟವನ್ನು ಬೇಯಿಸಿ, ಕಿಣ್ವ ಹಾಕಿ ತುಂಡು ಮಾಡಿದರೆ ಕೆಲವೇ ನಿಮಿಷಗಳಲ್ಲಿ ರಕ್ತಕ್ಕೆ ನುಗ್ಗುತ್ತದೆ. ವಸ್ತು ಒಂದೇ. ಬದಲಾದದ್ದು ವೇಗ. ನಿಮ್ಮ ಯಜಮಾನರ ವಿಷಯದಲ್ಲಿ ಈ ‘ವೇಗ’ ಎಂಬ ಪದವನ್ನು ನೆನಪಿಟ್ಟುಕೊಳ್ಳಿ.

ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳ ಉದ್ದ ಸರ. ಸರವನ್ನು ತುಂಡು ಮಾಡಿದರೆ ಸಿಹಿ ಹುಟ್ಟುತ್ತದೆ. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಿರ್ಚಾಫ್ ಎಂಬ ರಸಾಯನಜ್ಞ ಪಿಷ್ಟವನ್ನು ಆಮ್ಲದ ಜೊತೆ ಕುದಿಸಿ ಸಿಹಿ ಪಾಕ ಮಾಡಿದರು. ನೆಪೋಲಿಯನ್ ಕಾಲದ ಯುದ್ಧಗಳಿಂದ ಯುರೋಪಿಗೆ ಕಬ್ಬಿನ ಸಕ್ಕರೆ ಬರುವುದು ಕಷ್ಟವಾಗಿದ್ದ ಕಾಲ ಅದು. ಈಗ ಆಮ್ಲದ ಬದಲು ಹೆಚ್ಚಾಗಿ ಕಿಣ್ವ ಬಳಸುತ್ತಾರೆ. ಸರವನ್ನು ಸ್ವಲ್ಪವೇ ತುಂಡು ಮಾಡಿದರೆ ಮಾಲ್ಟೋಡೆಕ್ಸ್‌ಟ್ರಿನ್, ಇನ್ನಷ್ಟು ಮಾಡಿದರೆ ಕಾರ್ನ್ ಸಿರಪ್, ಪೂರ್ತಿ ಬಿಡಿಸಿದರೆ ಡೆಕ್ಸ್‌ಟ್ರೋಸ್. ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸೇ.

ಗ್ಲೂಕೋಸ್ ಸಕ್ಕರೆಯಷ್ಟು ಸಿಹಿ ಇಲ್ಲ. ಅದನ್ನು ಫ್ರಕ್ಟೋಸ್ ಆಗಿ ತಿರುಗಿಸಿದರೆ ಸಿಹಿ ಜಾಸ್ತಿ. ಆ ಕೆಲಸ ಮಾಡುವ ಕಿಣ್ವವನ್ನು 1957ರಲ್ಲಿ ಅಮೆರಿಕದ ಮಾರ್ಷಲ್ ಮತ್ತು ಕೂಯಿ ವರದಿ ಮಾಡಿದರು. 1960ರ ದಶಕದಲ್ಲಿ ಜಪಾನಿನ ಯೋಶಿಯುಕಿ ತಕಸಾಕಿ ಅದನ್ನು ಕಾರ್ಖಾನೆಗೆ ಒಗ್ಗುವಂತೆ ಮಾಡಿದರು. ಹೀಗೆ ಹುಟ್ಟಿದ್ದು ಹೈ ಫ್ರಕ್ಟೋಸ್ ಕಾರ್ನ್ ಸಿರಪ್. ಅಮೆರಿಕದಲ್ಲಿ ಆಮದು ಸಕ್ಕರೆಗೆ ತಡೆ ಇತ್ತು, ಮೆಕ್ಕೆಜೋಳ ಬೇಕಾದಷ್ಟಿತ್ತು. 1984ರ ಹೊತ್ತಿಗೆ ಅಲ್ಲಿ ಕೋಕಾ ಕೋಲಾ, ಪೆಪ್ಸಿ ಎರಡೂ ಪೂರ್ತಿ ಈ ಸಿರಪ್‌ಗೆ ಬದಲಾದವು.

ಇದು ಸಕ್ಕರೆಗಿಂತ ಅಪಾಯವೇ ಎಂದು ಕೇಳಿದ್ದೀರಿ. ಹೆಸರಿನಲ್ಲಿರುವ ‘ಹೈ’ ದಾರಿ ತಪ್ಪಿಸುತ್ತದೆ. ಫ್ರಕ್ಟೋಸೇ ಇಲ್ಲದ ಸಾದಾ ಕಾರ್ನ್ ಸಿರಪ್‌ಗೆ ಹೋಲಿಸಿದರೆ ಮಾತ್ರ ಅದು ‘ಹೈ’. ಪಾನೀಯಕ್ಕೆ ಹಾಕುವ ಬಗೆಯಲ್ಲಿ ಸಿಹಿಯ 55 ಪಾಲು ಫ್ರಕ್ಟೋಸ್. ಬೇಕರಿ ತಿಂಡಿಗೆ ಹಾಕುವುದರಲ್ಲಿ 42 ಪಾಲು. ಸಾದಾ ಸಕ್ಕರೆಯಲ್ಲಿ ಅರ್ಧಕ್ಕೆ ಅರ್ಧ, 50 ಪಾಲು. ಕರುಳು ತಲುಪುವ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಅತಿಯಾದ ಫ್ರಕ್ಟೋಸನ್ನು ಲಿವರ್ ಕೊಬ್ಬಾಗಿ ಮಾಡುತ್ತದೆ, ನಿಜ. ಅದು ಸಕ್ಕರೆಯಿಂದ ಬಂದರೂ ಹಾಗೇ, ಸಿರಪ್‌ನಿಂದ ಬಂದರೂ ಹಾಗೇ. ಅಮೆರಿಕದಲ್ಲಿ ಈ ಸಿರಪ್ ಬಳಕೆ 1999ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತು. ಆದರೂ ಅಲ್ಲಿ ಅತಿ ದಪ್ಪಗಿರುವ ವಯಸ್ಕರ ಪಾಲು 1999–2000ರಲ್ಲಿ ಶೇ 30.5 ಇದ್ದದ್ದು 2017–18ಕ್ಕೆ ಶೇ 42.4 ಆಯಿತು. ಎಲ್ಲ ತಪ್ಪನ್ನೂ ಒಂದೇ ಸಿರಪ್ ಮೇಲೆ ಹೊರಿಸಿದರೆ ಲೆಕ್ಕ ಕೂಡುವುದಿಲ್ಲ. ನಿಮ್ಮ ತಂಗಿಯ ಕಾಳಜಿ ಸರಿ, ಅವರು ಬೆರಳು ತೋರಿಸಿದ ಜಾಗ ಸ್ವಲ್ಪ ಆಚೀಚೆ ಆಗಿದೆ.

ಆದರೆ ಒಂದು ಎಚ್ಚರಿಕೆ. ‘ಕಾರ್ನ್ ಸಿರಪ್ ಇಲ್ಲ, ಶುದ್ಧ ಸಕ್ಕರೆ ಮಾತ್ರ’ ಎಂದು ಬರೆದ ಪಾನೀಯ ನೋಡಿ ಸಮಾಧಾನ ಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ. 2,000 ಕ್ಯಾಲರಿ ತಿನ್ನುವವರಿಗೆ ಅದು 50 ಗ್ರಾಂ. ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ, ಅಂದರೆ 25 ಗ್ರಾಂ. ಈ ಲೆಕ್ಕದಲ್ಲಿ ಸಕ್ಕರೆ, ಸಿರಪ್, ಜೇನು ಎಲ್ಲವೂ ಒಂದೇ ಡಬ್ಬದಲ್ಲಿ ಬರುತ್ತವೆ. ಒಂದು ಡಬ್ಬಿ ಸಿಹಿ ಪಾನೀಯದಲ್ಲೇ 35 ಗ್ರಾಂ ಮೇಲೆ ಇರುವುದು ಸಾಮಾನ್ಯ.

ಜೇನು ಅಂದೆನಲ್ಲ, ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಮೆಕ್ಕೆಜೋಳ ಗಾಳಿಯಿಂದ ಇಂಗಾಲ ಹೀರುವ ರೀತಿ ಬೇರೆ, ಜೇನುನೊಣ ಮಕರಂದ ತರುವ ಬಹುತೇಕ ಹೂಗಿಡಗಳ ರೀತಿ ಬೇರೆ. ಹಾಗಾಗಿ ಮೆಕ್ಕೆಜೋಳದ ಸಿಹಿಯಲ್ಲಿ ಇಂಗಾಲ-13 ಎಂಬ ತುಸು ಭಾರದ ಇಂಗಾಲ ಜಾಸ್ತಿ ಇರುತ್ತದೆ. ಜೇನಿಗೆ ಕಾರ್ನ್ ಸಿರಪ್ ಬೆರೆಸಿದರೆ ಪ್ರಯೋಗಾಲಯ ಅದನ್ನು ಹಿಡಿಯುವುದು ಹೀಗೆ. ಜಾಸ್ತಿ ಮೆಕ್ಕೆಜೋಳ ತಿನ್ನುವ ಮನುಷ್ಯರ ತಲೆಕೂದಲಲ್ಲೂ ಈ ಗುರುತು ಸಿಗುತ್ತದೆ.

ಉಳಿದ ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಸಿಟ್ರಿಕ್ ಆಮ್ಲ ಈಗ ಹೆಚ್ಚಾಗಿ ನಿಂಬೆಯಿಂದ ಬರುವುದಿಲ್ಲ, ಸಕ್ಕರೆಯ ದ್ರಾವಣದಲ್ಲಿ ಒಂದು ಬೂಷ್ಟು ಬೆಳೆಸಿ ತೆಗೆಯುತ್ತಾರೆ. ಸಾಸ್ ದಪ್ಪ ಮಾಡುವ ಕ್ಸಾಂತನ್ ಗಮ್ ಒಂದು ಬ್ಯಾಕ್ಟೀರಿಯಾದ ಕೆಲಸ. ಇವುಗಳಿಗೆ ಬೇಕಾದ ಸಿಹಿ ಹಲವು ಕಡೆ ಮೆಕ್ಕೆಜೋಳದಿಂದ ಬರುತ್ತದೆ, ಆದರೆ ಕೊನೆಗೆ ಸಿಗುವ ವಸ್ತುವೇ ಬೇರೆ. ಸೋರ್ಬಿಟಾಲ್ ಗ್ಲೂಕೋಸ್‌ನಿಂದ ಮಾಡಿದ ಸಿಹಿ, ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸಿ ಭೇದಿ ಆಗುತ್ತದೆ. ಮಕ್ಕಳು ಸಕ್ಕರೆರಹಿತ ಮಿಠಾಯಿ ಡಬ್ಬಿಯನ್ನು ಒಮ್ಮೆಗೇ ಖಾಲಿ ಮಾಡಿದಾಗ ಆಗುವುದು ಇದೇ. ಕಾರ್ನ್ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನೋಲಿಯಿಕ್ ಆಮ್ಲ ಎಂಬ, ಗಟ್ಟಿಯಾಗದ ಬಗೆಯ ಕೊಬ್ಬಿನ ಅಂಶವಿದೆ. ಬೆಣ್ಣೆಯಂಥ ಗಟ್ಟಿ ಕೊಬ್ಬಿನ ಬದಲು ಬಳಸಿದರೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಅದನ್ನು ಬಿಡಲು ನನಗೆ ಕಾರಣ ಕಾಣುವುದಿಲ್ಲ, ಹಿತಮಿತವಾಗಿ ಬಳಸಿ.

ಗೋಧಿಯ ಗ್ಲುಟನ್ ಆಗದವರು ಮೆಕ್ಕೆಜೋಳ ತಿನ್ನಬಹುದು. ಉದ್ಯಮದವರು ಇದರ ಪ್ರೋಟೀನನ್ನು ‘ಕಾರ್ನ್ ಗ್ಲುಟನ್’ ಎಂದು ಕರೆಯುತ್ತಾರೆ, ಆದರೆ ಸೀಲಿಯಾಕ್ ಕಾಯಿಲೆ ತರುವ ಗ್ಲುಟನ್ ಅದಲ್ಲ. ಬೀಸುವಾಗ ಗೋಧಿ ಬೆರೆತಿಲ್ಲ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಮೆಕ್ಕೆಜೋಳದ್ದೇ ಅಲರ್ಜಿ ಇರುವವರು ಕಡಿಮೆ. ಅಂಥವರ ಪಾಡು ಕಷ್ಟ, ಯಾಕೆಂದರೆ ಅಮೆರಿಕದಲ್ಲಾಗಲಿ ಯುರೋಪಿನಲ್ಲಾಗಲಿ ಕಡ್ಡಾಯವಾಗಿ ಎದ್ದು ಕಾಣುವಂತೆ ಬರೆಯಬೇಕಾದ ಅಲರ್ಜಿ ವಸ್ತುಗಳ ಪಟ್ಟಿಯಲ್ಲಿ ಮೆಕ್ಕೆಜೋಳ ಇಲ್ಲ.

ಪ್ಯಾಕೆಟ್ಟಿಗೂ ಸಂಸ್ಕರಣೆಗೂ ಸಂಬಂಧವಿಲ್ಲದ ಒಂದು ಅಪಾಯ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸರಿಯಾಗಿ ಒಣಗಿಸದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಅದು ಲಿವರಿಗೆ ಮಾರಕ. 2004ರಲ್ಲಿ ಕೀನ್ಯಾದಲ್ಲಿ ಇಂಥ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಮುಗ್ಗು ವಾಸನೆ ಬಂದ ಕಾಳನ್ನು, ಹಿಟ್ಟನ್ನು ತೊಳೆದು, ಬಿಸಿಲಿಗೆ ಹಾಕಿ ಬಳಸಲು ಹೋಗಬೇಡಿ. ಎಸೆದುಬಿಡಿ.

ಹಾಗಾದರೆ ಜನ ದಪ್ಪ ಆಗುತ್ತಿರುವುದು ಯಾಕೆ? 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. 20 ಜನರನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡರು. ಎರಡು ವಾರ ಪ್ಯಾಕೆಟ್ ಬಗೆಯ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ. ಮುಂದಿಟ್ಟ ಊಟದಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸಮ. ಬೇಕಾದಷ್ಟು ತಿನ್ನಿ ಎಂದರು. ಪ್ಯಾಕೆಟ್ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಬೇಗ ಬೇಗನೂ ತಿಂದರು. ಎರಡೇ ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿತು. ಸಾದಾ ಆಹಾರದಲ್ಲಿ ಅಷ್ಟೇ ತೂಕ ಇಳಿಯಿತು. ಪ್ರಯೋಗ ಸಣ್ಣದು, ಆದರೆ ತುಂಬಾ ಅಚ್ಚುಕಟ್ಟಾಗಿ ಮಾಡಿದ್ದು. ಮೆಕ್ಕೆಜೋಳದಿಂದ ಬೇರ್ಪಡಿಸಿದ ವಸ್ತುಗಳು ಇಂಥ ಆಹಾರಕ್ಕೆ ಅಗ್ಗದ ಇಟ್ಟಿಗೆಗಳು. ಅಗಿಯಲು ಏನೂ ಉಳಿದಿರುವುದಿಲ್ಲ. ಹೊಟ್ಟೆಗೆ ‘ಸಾಕು’ ಎನ್ನಲು ಸಮಯವೇ ಸಿಗುವುದಿಲ್ಲ.

ತೆನೆ ಹಾಗಲ್ಲ. ಒಂದು ತೆನೆಯನ್ನು ಕಚ್ಚಿ, ಅಗಿದು ಮುಗಿಸಲು ಎಷ್ಟು ಹೊತ್ತು ಬೇಕು ಅಂತ ಮಗಳನ್ನು ನೋಡಿ. ಬೇಯಿಸಿದ 100 ಗ್ರಾಂ ಸಿಹಿ ಜೋಳದಲ್ಲಿ ಇರುವುದು 100 ಕ್ಯಾಲರಿಗಿಂತ ಸ್ವಲ್ಪ ಕಡಿಮೆ, ಜೊತೆಗೆ ಎರಡು ಗ್ರಾಂ ಮೇಲೆ ನಾರು. ರಕ್ತದ ಸಕ್ಕರೆ ಏರಿಸುವ ವೇಗಕ್ಕೆ ಗ್ಲೂಕೋಸಿಗೆ 100 ಅಂಕ ಕೊಟ್ಟರೆ ಸಿಹಿ ಜೋಳಕ್ಕೆ 50ರಿಂದ 60, ಕಾರ್ನ್‌ಫ್ಲೇಕ್ಸ್‌ಗೆ 80ರ ಆಸುಪಾಸು. ಕಾರ್ನ್‌ಫ್ಲೇಕ್ಸ್ ಇಷ್ಟವಿದ್ದರೆ ಅದೇ ಇಡೀ ತಿಂಡಿ ಆಗದಿರಲಿ, ಹಾಲು, ಬೀಜಗಳು, ಹಣ್ಣಿನ ಜೊತೆ ಒಂದು ಹಿಡಿ ಇರಲಿ. ಪಾಪ್‌ಕಾರ್ನ್ ಇಡೀ ಕಾಳು. ಒಳಗಿನ ಒಂದಿಷ್ಟು ತೇವ 180 ಡಿಗ್ರಿಯಲ್ಲಿ ಹಬೆಯಾಗಿ ಸಿಡಿದಾಗ ಅರಳುತ್ತದೆ, ಸಿಪ್ಪೆ, ಮೊಳಕೆ ಎಲ್ಲ ಅದರಲ್ಲೇ ಉಳಿಯುತ್ತವೆ. 100 ಗ್ರಾಂಗೆ 14 ಗ್ರಾಂ ನಾರು. ಮನೆಯಲ್ಲೇ ಸ್ವಲ್ಪ ಎಣ್ಣೆಯಲ್ಲಿ ಅರಳಿಸಿ, ಉಪ್ಪು ಕಡಿಮೆ ಹಾಕಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪೆಲಾಗ್ರದ ಕಥೆ ಓದಿ ಹೆದರಬೇಡಿ. ಕಾಳು, ಬೇಳೆ, ಹಾಲು, ತರಕಾರಿ ಬೆರೆತ ಊಟ ಮಾಡುವವರಿಗೆ ಮೆಕ್ಕೆಜೋಳದಿಂದ ಅದು ಬರುವುದಿಲ್ಲ.

ಈಗ ಯಜಮಾನರ ಪುಡಿ. ಬಹಳಷ್ಟು ದೇಶಗಳ ಲೇಬಲ್ ನಿಯಮದಲ್ಲಿ ‘ಸಕ್ಕರೆ’ ಎಂಬ ಸಾಲಿಗೆ ಬರುವುದು ಒಂದು ಅಥವಾ ಎರಡು ಮಣಿಗಳ ಸಿಹಿಗಳು ಮಾತ್ರ. ಮಾಲ್ಟೋಡೆಕ್ಸ್‌ಟ್ರಿನ್‌ನಲ್ಲಿ ಮಣಿಗಳು ಅದಕ್ಕಿಂತ ಜಾಸ್ತಿ ಇರುವುದರಿಂದ ಅದರ ಬಹುಪಾಲು ಸಕ್ಕರೆಯ ಲೆಕ್ಕಕ್ಕೇ ಸಿಗುವುದಿಲ್ಲ. ನಾಲಿಗೆಗೂ ಅಷ್ಟು ಸಿಹಿ ಅನ್ನಿಸುವುದಿಲ್ಲ. ಆದರೆ ಕರುಳು ಅದನ್ನು ಕ್ಷಣದಲ್ಲಿ ಬಿಡಿಸುತ್ತದೆ, ರಕ್ತದ ಸಕ್ಕರೆ ಗ್ಲೂಕೋಸ್ ಕುಡಿದಷ್ಟೇ ವೇಗವಾಗಿ ಏರುತ್ತದೆ. ‘ಸಕ್ಕರೆ ಸೇರಿಸಿಲ್ಲ’ ಎಂಬ ಮಾತು ಸುಳ್ಳಲ್ಲ, ಆದರೆ ಅವರಿಗೆ ಬೇಕಾದ ಉತ್ತರ ಅದಲ್ಲ. ಡಬ್ಬಿ ತಿರುಗಿಸಿ ಎರಡು ಜಾಗ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಮಾಲ್ಟೋಡೆಕ್ಸ್‌ಟ್ರಿನ್ ಮೊದಲ ಮೂರರಲ್ಲಿದ್ದರೆ ಆ ಪುಡಿಯ ದೊಡ್ಡ ಪಾಲು ಅದೇ. ಆಮೇಲೆ ‘ಸಕ್ಕರೆ’ ಸಾಲನ್ನು ಬಿಟ್ಟು ‘ಒಟ್ಟು ಕಾರ್ಬೋಹೈಡ್ರೇಟ್’ ಸಾಲು ಓದಿ. ಒಂದು ಸಲ ಕುಡಿಯುವ ಪ್ರಮಾಣಕ್ಕೆ 20 ಗ್ರಾಂ ಕಾರ್ಬೋಹೈಡ್ರೇಟ್, 1 ಗ್ರಾಂ ಸಕ್ಕರೆ, ನಾರು ಏನೂ ಇಲ್ಲ ಎಂದಿದ್ದರೆ ಉಳಿದ 19 ಗ್ರಾಂ ಏನು ಎಂದು ನಿಮಗೀಗ ಗೊತ್ತು.

ಅದನ್ನು ಡಾಕ್ಟರೇ ಯಾವುದೋ ಕಾರಣಕ್ಕೆ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಮಾಲ್ಟೋಡೆಕ್ಸ್‌ಟ್ರಿನ್ ಇಲ್ಲದ್ದು ಇದೆಯೇ ಎಂದು ಕೇಳಿ. ಅಂಗಡಿಯಲ್ಲಿ ನೋಡಿ ಸುಮ್ನೆ ತಂದದ್ದಾದರೆ ನಿಲ್ಲಿಸಿ, ಸಾದಾ ಹಾಲು ಅಥವಾ ಒಂದು ಹಿಡಿ ಕಡಲೆಬೀಜ ಸಾಕು. ಮನೆಯಲ್ಲಿ ರಕ್ತದ ಸಕ್ಕರೆ ನೋಡುವ ಮೀಟರ್ ಇದ್ದರೆ ಒಂದು ದಿನ ಪುಡಿ ಕುಡಿಯುವ ಮೊದಲು, ಒಂದು ಗಂಟೆ ಆದ ಮೇಲೆ, ಎರಡು ಗಂಟೆ ಆದ ಮೇಲೆ ಅಳೆದು ಬರೆದಿಡಿ. ಇನ್ನೊಂದು ದಿನ ಅದೇ ಹೊತ್ತಿಗೆ ಒಂದು ಬೇಯಿಸಿದ ತೆನೆ ತಿಂದು ಹಾಗೇ ಅಳೆಯಿರಿ. ಆ ಚೀಟಿಯನ್ನು ಮುಂದಿನ ಸಲ ಡಾಕ್ಟರ ಹತ್ತಿರ ಒಯ್ಯಿರಿ.